ಹದಿನಾಲ್ಕು ಸಾಲಿನ ಪಟ್ಟಿ

ಕಂತು ಒಂಬತ್ತು

ಆ ಹೆಂಗಸು ಒಂದೇ ಬೆರಳಿನಲ್ಲಿ ಟೈಪು ಮಾಡುತ್ತಿದ್ದಳು. ಒಂದು ಅಕ್ಷರ ಒತ್ತುವುದು, ಪರದೆ ನೋಡುವುದು, ಮುಂದಿನ ಅಕ್ಷರ ಎಲ್ಲಿದೆಯೆಂದು ಕೀಲಿಮಣೆಯನ್ನೆಲ್ಲ ತಡಕುವುದು. ನಾನು ಅವಳ ಕುರ್ಚಿಯ ಹಿಂದೆ ನಿಂತು, ನೋಯುವ ಮಂಡಿಯ ಭಾರವನ್ನು ಇನ್ನೊಂದು ಕಾಲಿಗೆ ದಾಟಿಸುತ್ತ, ಸಾಲು ಮುಗಿಯುವುದನ್ನೇ ಕಾಯುತ್ತಿದ್ದೆ.

ಕೊನೆಗೂ ಮುಗಿಯಿತು. ‘ಕೆಲಸ ಹೋದವರ ಭತ್ಯೆಗೆ ಅರ್ಜಿ ಹಾಕುವುದು ಹೇಗೆ.’

ಹುಡುಕುವ ಗುಂಡಿ ಒತ್ತಿದಳು. ಉತ್ತರಗಳು ಸಾಲಾಗಿ ಬಂದವು. ಅವುಗಳಲ್ಲಿ ಒಂದನ್ನೂ ತೆರೆಯಲಿಲ್ಲ. ಎಲ್ಲ ಅಳಿಸಿ, ಕೈಯಲ್ಲಿದ್ದ ಹಾಳೆಯ ಎರಡನೆಯ ಸಾಲಿಗೆ ಹೋದಳು.

ಪಕ್ಕದ ಪರದೆ ನೋಡಿದೆ. ಅದರಾಚೆಯದನ್ನೂ ನೋಡಿದೆ. ಗ್ರಂಥಾಲಯದ ಆ ಉದ್ದನೆಯ ಕೋಣೆಯಲ್ಲಿ ಇಪ್ಪತ್ತೆರಡು ಕಂಪ್ಯೂಟರು, ಇಪ್ಪತ್ತೆರಡು ಹೆಂಗಸರು, ಎಲ್ಲರ ಮುಂದೆಯೂ ಅದೇ ಹಾಳೆ.

ಗೋಡೆಯ ಗಡಿಯಾರದಲ್ಲಿ ಹನ್ನೊಂದೂಕಾಲು. ನಾಲ್ಕು ಗಂಟೆಗೆ ನಮ್ಮ ಅಂಕಿಅಂಶ ಇಲಾಖೆ ಈ ತಿಂಗಳ ನಿರುದ್ಯೋಗದ ಮುನ್ನಂದಾಜು ಪ್ರಕಟಿಸುತ್ತದೆ. ಹೊಳೆಯಾಚೆಯ ಈ ಪೇಟೆಗೆ ಸತತ ಎರಡನೆಯ ಸಲ, ನಿರುದ್ಯೋಗ ಏರಲಿದೆಯೆಂಬ ಕೆಂಪು ಗುರುತು ಬಿದ್ದರೆ, ಐದು ಗಂಟೆಗೆ ಗ್ಯಾಸ್ ಕಂಪನಿ, ಹಣ ಮುಳುಗೀತೆಂಬ ಭಯಕ್ಕೆ, ಇಲ್ಲಿನ ಬಾಟಲಿ ಕಾರ್ಖಾನೆಗೆ ಪೂರೈಕೆ ನಿಲ್ಲಿಸುತ್ತದೆ. ಇವತ್ತಿಗೆ ಮುಗಿಯುವ ಒಪ್ಪಂದವನ್ನು ಮುಂದುವರಿಸಬೇಕೋ ಬೇಡವೋ ಎಂದು ಅವರು ಕಾಯುತ್ತ ಕೂತಿರುವುದು ನಮ್ಮ ಅಂಕಿಗೆ.

ಗಾಜಿನ ಕುಲುಮೆಯೆಂದರೆ ನಮ್ಮ ನಿಮ್ಮ ಮನೆಯ ಒಲೆಯಲ್ಲ, ಆರಿದರೆ ಕಡ್ಡಿ ಗೀರಿ ಹಚ್ಚುವುದಕ್ಕೆ. ಹನ್ನೊಂದು ವರ್ಷದಿಂದ ಅದು ಒಂದು ದಿನವೂ ಆರಿಲ್ಲ. ಒಳಗಿನ ಗಾಜು ಒಮ್ಮೆ ಹೆಪ್ಪುಗಟ್ಟಿತೆಂದರೆ ಒಳಗೋಡೆಯ ಇಟ್ಟಿಗೆಯೂ ಬಿರಿದು ಹೋಗುತ್ತದೆ. ಆಮೇಲೆ ಎಲ್ಲ ಒಡೆದು ಹೊಸದು ಕಟ್ಟಬೇಕು, ಕಟ್ಟುವವರು ಯಾರೂ ಇಲ್ಲ. ಆರುನೂರು ಜನ ಮನೆಗೆ ಹೋಗುತ್ತಾರೆ. ಆ ಕುಲುಮೆಯ ಮೇಲ್ವಿಚಾರಕ ನನ್ನ ಒಡಹುಟ್ಟಿದ ತಮ್ಮ.

ನಾನು ಇಲಾಖೆಯ ಆಂತರಿಕ ತನಿಖಾಧಿಕಾರಿ. ಬೆನ್ನ ಹಿಂದೆ ನನಗೆ ‘ಜರಡಿ’ ಎನ್ನುತ್ತಾರೆ. ಅನ್ನಲಿ, ಮೂವತ್ತು ವರ್ಷ ಇನ್ನೊಬ್ಬರ ತಪ್ಪನ್ನು ಜಾಲಿಸಿದವಳಿಗೆ ಅದಕ್ಕಿಂತ ಒಳ್ಳೆಯ ಹೆಸರು ಸಿಗುತ್ತದೆಯೆ?

ನಮ್ಮ ಕೆಲಸ ಹೇಳಲು ಸುಲಭ. ಕೆಲಸ ಕಳೆದುಕೊಂಡವನು ಹೆಂಡತಿಗೆ ಹೇಳುವ ಮೊದಲೇ ಫೋನನ್ನು ಕೇಳಿರುತ್ತಾನೆ. ಭತ್ಯೆ ಎಲ್ಲಿ ಸಿಗುತ್ತದೆ, ಕಡಿಮೆ ಬಾಡಿಗೆಯ ಒಂಟಿ ಕೋಣೆ ಎಲ್ಲಿದೆ, ಹಳೆಯ ಹೊಲಿಗೆ ಯಂತ್ರಕ್ಕೆ ಎಷ್ಟು ಬರುತ್ತದೆ. ಮನೆಮನೆ ಸಮೀಕ್ಷೆಯ ಫಲಿತಾಂಶ ಬರಲು ಎರಡು ತಿಂಗಳು ಬೇಕು. ಜನ ಅಂತರ್ಜಾಲದಲ್ಲಿ ಏನು ಹುಡುಕಿದರೆಂಬುದು ಮಾರನೆಯ ದಿನವೇ ಗೊತ್ತಾಗುತ್ತದೆ. ಅಂಥ ಹದಿನಾಲ್ಕು ಹುಡುಕಾಟಗಳ ಪಟ್ಟಿ ನಮ್ಮಲ್ಲಿದೆ. ಒಂದೊಂದು ಪೇಟೆಯಲ್ಲಿ ಅವು ಎಷ್ಟು ಸಲ ಬಂದವೆಂದು ಎಣಿಸಿ, ಹಿಂದಿನ ವರ್ಷಗಳಿಗೆ ಹೋಲಿಸಿ, ಮುಂದೆ ನಿರುದ್ಯೋಗ ಎಷ್ಟಾದೀತೆಂದು ಅಂದಾಜು ಹೇಳುತ್ತೇವೆ. ಪಟ್ಟಿ ಮಾತ್ರ ಗುಟ್ಟಾಗಿರಬೇಕು. ಗೊತ್ತಾದರೆ ಯಾರು ಬೇಕಾದರೂ ಕೂತು ಹುಡುಕಿ ಅಂಕಿಯನ್ನು ಏರಿಸಿಬಿಡಬಹುದು.

ಕಳೆದ ತಿಂಗಳು ಈ ಪೇಟೆಗೆ ಕೆಂಪು ಬಿದ್ದಾಗ ಕಾರ್ಖಾನೆಯವರು ಬೊಬ್ಬೆ ಹಾಕಿದ್ದರು. ಒಬ್ಬನನ್ನೂ ಕೆಲಸದಿಂದ ತೆಗೆದಿಲ್ಲ, ಈ ಅಂಕಿ ಎಲ್ಲಿಂದ ಉದುರಿತು ಎಂದು ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಅಷ್ಟರಲ್ಲಿ ಬಾಟಲಿ ಕೊಳ್ಳುವವರು ಹೆದರಿ ಅರ್ಧಕ್ಕರ್ಧ ಬೇರೆ ಕಡೆ ಹೋಗಿದ್ದರು. ಎಲ್ಲರ ಕಣ್ಣು ಅಂಕಿ ತಯಾರಿಸುವವನ ಮೇಲೆ ಬಿತ್ತು. ಮೂವತ್ತರ ಹುಡುಗ, ಮಾತು ಕಡಿಮೆ, ಮುಂದಾಗುವುದನ್ನು ಹೇಳುತ್ತಾನೆಂದು ಕಚೇರಿಯಲ್ಲಿ ಅವನಿಗೆ ‘ಹವಾಮಾನ’ ಎಂದು ಹೆಸರಿಟ್ಟಿದ್ದಾರೆ. ಯಾರದೋ ಕೈಗೆ ಸಿಕ್ಕು ಅಂಕಿ ತಿದ್ದಿದ್ದಾನೆಂದು ಗುಸುಗುಸು. ಅವನ ಅಮಾನತಿನ ಕಾಗದ ಆಗಲೇ ಟೈಪಾಗಿತ್ತು, ಸಹಿ ಒಂದು ಬಾಕಿ.

ಆದರೆ ನನ್ನನ್ನು ಈ ಗ್ರಂಥಾಲಯಕ್ಕೆ ತಂದು ಮುಟ್ಟಿಸಿದವನು ಅವನೇ. ಬೆಳಿಗ್ಗೆ ಒಂದು ಹಾಳೆ ಹಿಡಿದು ಬಂದಿದ್ದ. ಪೇಟೆಯ ಹುಡುಕಾಟಗಳನ್ನು ಗಂಟೆಗಂಟೆಗೆ ಬಿಡಿಸಿಟ್ಟ ನಕ್ಷೆ. ಮಂಗಳವಾರ, ಗುರುವಾರ, ಹತ್ತರಿಂದ ಒಂದರವರೆಗೆ ಮಾತ್ರ ಗೆರೆ ಆಕಾಶಕ್ಕೆ ಏರಿತ್ತು. ಉಳಿದ ಹೊತ್ತು ಎಂದಿನಂತೆ ನೆಲ ಕಚ್ಚಿತ್ತು. ರಜೆ ಬಂದ ಗುರುವಾರ ಸೊನ್ನೆ. “ಕೆಲಸ ಹೋದೋರು ವೇಳಾಪಟ್ಟಿ ಹಾಕ್ಕೊಂಡು ಹುಡುಕಲ್ಲ ಮೇಡಂ. ಇನ್ನೊಂದು, ಇವರ್ಯಾರೂ ಅರ್ಜಿ ತೆರೆದೇ ಇಲ್ಲ,” ಎಂದಿದ್ದ.

ಪೇಟೆಯಲ್ಲಿ ಮಂಗಳವಾರ, ಗುರುವಾರ, ಹತ್ತರಿಂದ ಒಂದರವರೆಗೆ ಏನು ನಡೆಯುತ್ತದೆಂದು ನಾಲ್ಕು ಅಂಗಡಿಯಲ್ಲಿ ಕೇಳಿದೆ. ಐದನೆಯವನು ಗ್ರಂಥಾಲಯದ ಕಡೆ ಕೈ ತೋರಿಸಿದ.

ತರಗತಿ ನಡೆಸುವವರು ನಿವೃತ್ತ ಶಾಲಾ ಶಿಕ್ಷಕಿ. ಊರಿಗೆಲ್ಲ ಟೀಚರಮ್ಮ. ನನ್ನ ಗುರುತಿನ ಚೀಟಿ ನೋಡಿ ಅವರಿಗೆ ಹೆಮ್ಮೆಯೇ ಆಯಿತು, ಸರ್ಕಾರ ತಮ್ಮ ಕೆಲಸ ನೋಡಲು ಬಂದಿದೆಯೆಂದುಕೊಂಡರು. ಎಲ್ಲರೂ ಕಾರ್ಖಾನೆಯವರ ಮನೆಯ ಹೆಂಗಸರು, ಎರಡೂವರೆ ತಿಂಗಳ ಹಿಂದೆ ಒಂದು ತಂಡದಿಂದ ಶುರುವಾಯಿತು ಎಂದರು. ಕಥೆ ಕವನ ಟೈಪು ಮಾಡಿಸುವುದಕ್ಕಿಂತ ಉಪಯೋಗಕ್ಕೆ ಬರುವುದನ್ನು ಹುಡುಕಿಸಿದರೆ ಕಲಿಕೆ ಬೇಗ ಎಂದು ಈ ಹದಿನಾಲ್ಕು ಸಾಲು. ಪ್ರತಿ ತರಗತಿಯಲ್ಲಿ ಎಲ್ಲರೂ ಹದಿನಾಲ್ಕನ್ನೂ ಒಂದು ಸಲ ಹುಡುಕಲೇಬೇಕು.

“ಈಗ ಮೂರು ತಂಡ ಆಗಿದೆ. ಕಳೆದ ತಿಂಗಳು ಪೇಪರ್‌ನಲ್ಲಿ ಬಂತಲ್ಲ, ನಮ್ಮ ಪೇಟೆಗೆ ಕೆಂಪು ಅಂತ. ಪಾಪ, ಎಲ್ರೂ ಹೆದರ್ಕೊಂಡು ಕಲಿಯಕ್ಕೆ ಬಂದ್ರು.”

ಅರವತ್ತಾರು ಹೆಂಗಸರು, ಹದಿನಾಲ್ಕು ಸಾಲು. ಒಂದೇ ದಿನಕ್ಕೆ ಒಂಬೈನೂರ ಇಪ್ಪತ್ತನಾಲ್ಕು ಹುಡುಕಾಟ. ಮೊದಲೆಲ್ಲ ಇಡೀ ಪೇಟೆಯದು ಸೇರಿದರೂ ವಾರಕ್ಕೆ ಇನ್ನೂರು ದಾಟುತ್ತಿರಲಿಲ್ಲ. ನಾವು ಹೆದರಿಸಿದೆವು, ಅವರು ಹೆದರಿ ಕಲಿಯಲು ಬಂದರು, ಅವರು ಕಲಿತದ್ದನ್ನೇ ಎಣಿಸಿ ನಾವು ಇವತ್ತು ಮತ್ತೆ ಹೆದರಿಸಲು ಹೊರಟಿದ್ದೇವೆ. ನನಗೆ ತಲೆ ಚಿಟ್ಟು ಹಿಡಿದುಹೋಯಿತು.

ಹಾಳೆ ತೆಗೆದುಕೊಂಡು ಓದಿದೆ. ಒಂದೂ ಬಿಟ್ಟಿರಲಿಲ್ಲ. ನಮ್ಮ ಪಟ್ಟಿಯ ಹದಿನಾಲ್ಕೂ, ಪದಕ್ಕೆ ಪದ. ಇದು ಎಲ್ಲಿಂದ ಬಂತೆಂದು ಕೇಳಿದ್ದಕ್ಕೆ, ಬಾಗಿಲ ಬಳಿಯ ಸಲಹೆ ಪೆಟ್ಟಿಗೆಯಲ್ಲಿ ಯಾರೋ ಹಾಕಿದ್ದರು ಎಂದರು ಟೀಚರಮ್ಮ. ಹೆಸರಿರಲಿಲ್ಲ. ಕೈಬರಹ ಅಂದವಾಗಿರಲಿಲ್ಲವಾದ್ದರಿಂದ ತಾವೇ ಟೈಪು ಮಾಡಿ ಪ್ರತಿ ತೆಗೆಸಿದ್ದರಂತೆ. ಮೂಲ ಹಾಳೆ ಮನೆಯ ಕಡತದಲ್ಲಿದೆ, ತರಗತಿ ಮುಗಿಸಿ ಹುಡುಕಿ ಫೋಟೋ ಕಳಿಸುತ್ತೇನೆಂದರು. ಈಗಲೇ ಬೇಕು ಎಂದರೆ, ಮೂರನೆಯ ತಂಡ ಹೊರಗೆ ಕಾಯುತ್ತಿದೆ ಎಂದು ನನಗೇ ಗದರಿದರು.

ಹೊರಡುವಾಗ ಕೊನೆಯ ಸಾಲಿನಲ್ಲಿ ಒಬ್ಬಳು ತಲೆ ತಗ್ಗಿಸಿದ್ದು ಕಂಡಿತು. ತಮ್ಮನ ಹೆಂಡತಿ. ಹತ್ತಿರ ಹೋದೆ. ಕಳ್ಳತನದಲ್ಲಿ ಸಿಕ್ಕವಳಂತೆ ಕೆಂಪಾಗಿದ್ದಳು.

“ಅತ್ತಿಗೆ, ಅವರಿಗೆ ಹೇಳ್ಬೇಡಿ. ನಾನು ಇಲ್ಲಿಗೆ ಬರ್ತಿರೋದು ಗೊತ್ತಾದ್ರೆ, ಕುಲುಮೆ ಆರುತ್ತೆ ಅಂತ ನಾನೇ ನಂಬಿಬಿಟ್ಟಿದೀನಿ ಅಂದ್ಕೋತಾರೆ.”

ಹೇಳುವುದಿಲ್ಲ ಎಂದು ಅವಳ ಬೆನ್ನು ತಟ್ಟಿ ಬಂದೆ. ನನಗೆ ಆಗ ಖುಷಿಯೇ ಆಗಿತ್ತು. ಸಾಕ್ಷಿ ಕೈಯಲ್ಲಿತ್ತು, ಹೊತ್ತಿತ್ತು. ನಾಲ್ಕಕ್ಕೆ ಮೊದಲು ಎಲ್ಲ ನಿಲ್ಲಿಸಿಬಿಡುತ್ತೇನೆಂದು ಸೇತುವೆ ದಾಟುವಾಗ ಬಸ್ಸಿನಲ್ಲಿ ಒಬ್ಬಳೇ ನಕ್ಕೆ.

ಹೊತ್ತು ಕೈ ಕೊಟ್ಟಿತು. ನಿರ್ದೇಶಕರು ಸಭೆಯಲ್ಲಿದ್ದರು. ಒಳಗೆ ಚೀಟಿ ಕಳಿಸಿದೆ, ಚೀಟಿ ಹಾಗೇ ಹಿಂದೆ ಬಂತು. ಎರಡನೆಯದೂ ಬಂತು. ಬೆಂಚಿನ ಮೇಲೆ ಎರಡೂವರೆ ಗಂಟೆ ಕೂತೆ. ಮೂವತ್ತು ವರ್ಷದಲ್ಲಿ ಎಷ್ಟು ಜನರನ್ನು ನಾನು ಇದೇ ಬೆಂಚಿನ ಮೇಲೆ ಕೂರಿಸಿ ಕಾಯಿಸಿದ್ದೆನೋ.

ಮೂರೂ ಹತ್ತಕ್ಕೆ ಕರೆ ಬಂತು. ನಿರ್ದೇಶಕರು ಕೆಟ್ಟವರಲ್ಲ. ಹೆದರುಪುಕ್ಕಲರು, ಅಷ್ಟೆ. ನಕ್ಷೆ, ಹಾಳೆ, ಲೆಕ್ಕ ಎಲ್ಲ ಮೇಜಿನ ಮೇಲೆ ಹರಡಿ ಹೇಳಿದೆ. ಅವರು ಕನ್ನಡಕ ಒರೆಸುತ್ತ, ನಡುವೆ ಬಾಯಿ ಹಾಕದೆ ಕೇಳಿದರು.

“ಹಾಗಾದ್ರೆ ಅಂಕಿ ತಪ್ಪು,” ಎಂದರು.

“ಪೂರ್ತಿ ತಪ್ಪು ಸರ್. ಈ ಪೇಟೆಯದನ್ನ ತಡೆ ಹಿಡೀರಿ.”

“ಅಂಕಿಗೆ ನಿನ್ನೆ ಮಧ್ಯಾಹ್ನವೇ ಮೊಹರು ಬಿದ್ದಿದೆ. ಬಿದ್ದ ಮೇಲೆ ನಾನೂ ಮುಟ್ಟೋ ಹಾಗಿಲ್ಲ. ನಿಮಗೆ ಗೊತ್ತಲ್ಲ ಮೇಡಂ, ಆ ನಿಯಮ ಬರೆದಿದ್ದೇ ನೀವು.”

ಮುಖಕ್ಕೆ ಹೊಡೆದ ಹಾಗಾಯಿತು. ಹೌದು, ನಾನೇ. ಎರಡು ವರ್ಷದ ಹಿಂದೆ ಕೊನೆ ಗಳಿಗೆಯಲ್ಲಿ ಒಬ್ಬರು ಅಂಕಿ ತಿದ್ದಿ ಸಿಕ್ಕಿಬಿದ್ದಾಗ, ಇನ್ನು ಯಾರ ಕೈಯೂ ಆಡಬಾರದೆಂದು ಒಂದೊಂದು ಕಿಂಡಿಯನ್ನೂ ಮುಚ್ಚಿ ಬರೆದ ನಿಯಮ. ಮೆಚ್ಚುಗೆಯ ಪತ್ರವೂ ಬಂದಿತ್ತು.

ಒಂದೇ ಒಂದು ಕಿಂಡಿ ಬಿಟ್ಟಿದ್ದೆ. ನಿರ್ದೇಶಕರು ಅದನ್ನೇ ಹೇಳಿದರು. ಪಟ್ಟಿ ಸೋರಿದೆಯೆಂದು ತನಿಖಾಧಿಕಾರಿ ಬರೆದುಕೊಟ್ಟು, ಯಾವ ಪ್ರತಿಯಿಂದ ಸೋರಿತೆಂದು ಸಂಖ್ಯೆ ಸಹಿತ ಸಹಿ ಹಾಕಿದರೆ, ಅಂಕಿಯನ್ನು ತಡೆಯಬಹುದು.

“ನನಗೆ ಕಥೆ ಬೇಡ, ಪ್ರತಿಯ ಸಂಖ್ಯೆ ಬೇಕು. ನನ್ನ ಮನಸ್ಸಿಗೆ ಯಾವುದು ಅಂತ ಗೊತ್ತು. ನಿಮ್ಮ ಸಹಿ ಬೇಕು, ಅಷ್ಟೆ,” ಎಂದು ಅವರು ಬಾಗಿಲಾಚೆ ಹವಾಮಾನನ ಮೇಜಿನ ಕಡೆ ನೋಡಿದರು.

ಪಟ್ಟಿಯ ಪ್ರತಿಗಳು ಮೂರೇ. ಒಂದನೆಯದು ನಿರ್ದೇಶಕರದು, ಎರಡನೆಯದು ಹವಾಮಾನನದು, ಮೂರನೆಯದು ನನ್ನ ಕಪಾಟಿನದು. ಸೋರಿದರೆ ಪತ್ತೆಯಾಗಲೆಂದು ನಾನೊಂದು ಉಪಾಯ ಮಾಡಿದ್ದೆ. ಹದಿನಾಲ್ಕು ಸಾಲು ಮೂರರಲ್ಲೂ ಅವೇ, ಆದರೆ ಒಂದೊಂದರಲ್ಲಿ ಅವುಗಳ ಕ್ರಮ ಬೇರೆ. ಯಾವ ಪ್ರತಿಯಲ್ಲಿ ಯಾವ ಕ್ರಮವೆಂಬ ಚೀಟಿ ನನ್ನ ಕಪಾಟಿನಲ್ಲಿ, ಬೀಗದ ಕೈ ನನ್ನ ಕೊರಳಿನಲ್ಲಿ. ಕ್ರಮ ನನಗೂ ಬಾಯಿಪಾಠವಿಲ್ಲ, ಬೇಕೆಂದೇ ನೆನಪಿಟ್ಟುಕೊಂಡಿರಲಿಲ್ಲ.

ನನ್ನ ಕೋಣೆಗೆ ಹೋಗಿ ಬಾಗಿಲು ಹಾಕಿ ಚೀಟಿ ತೆಗೆದೆ. ನಿಜ ಹೇಳುತ್ತೇನೆ, ಅದು ನಿರ್ದೇಶಕರ ಪ್ರತಿಯಾಗಿರಲಿ ಎಂದೇ ನನ್ನ ಆಸೆ. ಗ್ರಂಥಾಲಯದ ಹಾಳೆ ಪಕ್ಕದಲ್ಲಿಟ್ಟು ಬೆರಳಿಟ್ಟುಕೊಂಡು ಓದಿದೆ. ಒಂದನೆಯದಲ್ಲ. ಎರಡನೆಯದೂ ಅಲ್ಲ. ಹುಡುಗ ನಿರಪರಾಧಿ ಎಂದು ಸಮಾಧಾನದ ಉಸಿರು ಬಿಟ್ಟೆ, ಬೆರಳನ್ನು ಮುಂದಿನ ಕ್ರಮಕ್ಕೆ ಸರಿಸಿದೆ.

ಮೂರನೆಯದು. ಭತ್ಯೆ, ಒಂಟಿ ಕೋಣೆ, ಹೊಲಿಗೆ ಯಂತ್ರ, ಹೀಗೇ ಹದಿನಾಲ್ಕರವರೆಗೂ.

ಮತ್ತೆ ಓದಿದೆ. ಮೂರು ಸಲ ಓದಿದೆ. ನನ್ನ ಕಪಾಟು, ನನ್ನ ಬೀಗ. ಈ ಪ್ರತಿ ಕಪಾಟು ಬಿಟ್ಟು ಎಲ್ಲಿಗೂ ಹೋಗಿಲ್ಲ ಎಂದು ಪುಸ್ತಕದಲ್ಲಿ ತಿಂಗಳು ತಿಂಗಳೂ ಸಹಿ ಹಾಕಿದವಳು ನಾನು.

ಹೋಗಿತ್ತು. ಒಂದು ಸಲ. ಮೂರು ತಿಂಗಳ ಹಿಂದೆ ಮಂಡಿ ಆಪರೇಷನ್ ಆಗಿ ಹತ್ತು ದಿನ ಮನೆಯಲ್ಲಿ ಮಲಗಿದ್ದಾಗ, ಪಟ್ಟಿಯ ಪರಿಶೀಲನೆ ತಡವಾಗುತ್ತದೆಂದು ಚೀಲದಲ್ಲಿಟ್ಟುಕೊಂಡು ಒಯ್ದಿದ್ದೆ. ಮನೆಯಲ್ಲಿ ಇನ್ಯಾರು? ನಾನೊಬ್ಬಳು. ಮತ್ತೆ ರಜೆ ಹಾಕಿ ಬಂದು ಗಂಜಿ ಬೇಯಿಸಿ, ಔಷಧಿ ಕೊಟ್ಟು, ನನ್ನನ್ನು ಹಿಡಿದುಕೊಂಡು ಬಚ್ಚಲಿಗೆ ನಡೆಸಿದವನು.

ಫೋನು ಗುಂಯ್ ಎಂದಿತು. ಟೀಚರಮ್ಮನ ಫೋಟೋ. ರೂಲು ಹಾಕಿದ ಹಾಳೆ, ಪೆನ್ಸಿಲ್ಲಿನ ಬರಹ, ಎಡಕ್ಕೆ ವಾಲಿದ ಅಕ್ಷರಗಳು. ಆ ಅಕ್ಷರ ತಿದ್ದಿಸಿದವಳು ನಾನೇ. ಐದು ವರ್ಷದ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ನೆಟ್ಟಗೆ ಬರೆಯೋ ಎಂದು ಎಷ್ಟು ಸಲ ಕೈಗೆ ಹೊಡೆದಿದ್ದೇನೋ ಲೆಕ್ಕವಿಲ್ಲ. ಕೆಳಗೆ ಒಂದು ಸಾಲು ಹೆಚ್ಚಿಗೆ ಬರೆದಿದ್ದ: ‘ನಮ್ಮ ಪೇಟೆಯ ಹೆಂಗಸರಿಗೆ ಉಪಯೋಗಕ್ಕೆ ಬರಬಹುದು.’

ಮೂರೂ ನಲವತ್ತು. ನಾನೇ ತಮ್ಮನಿಗೆ ಫೋನು ಮಾಡಿದೆ. ಹಿಂದೆ ಕುಲುಮೆಯ ಮೊರೆತ ಕೇಳುತ್ತಿತ್ತು. ಗ್ಯಾಸ್ ಕಂಪನಿಯ ಇಬ್ಬರು ಆಗಲೇ ಬಂದು ಕೊಳವೆಯ ಕವಾಟದ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದಾರೆ ಎಂದ. ನಾನು ಸುತ್ತುಬಳಸದೆ ಹಾಳೆಯ ವಿಷಯ ಕೇಳಿದೆ.

“ಅಯ್ಯೋ, ಅದಾ? ನಿನ್ನ ಹಾಸಿಗೆ ಪಕ್ಕ ಬಿದ್ದಿತ್ತಲ್ಲಕ್ಕ. ಕೆಲಸ ಹೋದೋರಿಗೆ ಅಂತ ನಿಮ್ಮ ಆಫೀಸಿನೋರು ಮಾಡಿರೋ ಪಟ್ಟಿ ಅಂದ್ಕೊಂಡೆ. ನಾಳೆ ಏನಾದ್ರೂ ಆದ್ರೆ ನಮ್ಮೋರಿಗೆ ಏನು ಕೇಳ್ಬೇಕು ಅಂತಾನೂ ಗೊತ್ತಾಗಲ್ಲ. ಅದಕ್ಕೇ ಬರ್ಕೊಂಡು ಪೆಟ್ಟಿಗೇಲಿ ಹಾಕ್ದೆ. ಮನೇಲಿ ಹೇಳಿಲ್ಲ, ಇವಳು ಹೆದರ್ಕೋತಾಳೆ.” ಆಮೇಲೆ ಕೇಳಿದ, “ಯಾಕಕ್ಕ, ತಪ್ಪಾಯ್ತಾ?”

ಗೋಪ್ಯ ಎಂದು ಮೊಹರು ಒತ್ತಿದರೆ ಎಲ್ಲರಿಗೂ ತೆರೆದು ನೋಡುವ ಚಪಲ ಹುಟ್ಟುತ್ತದೆ, ಬೇಡ ಎಂದು ಸಭೆಯಲ್ಲಿ ವಾದಿಸಿ ಗೆದ್ದವಳೂ ನಾನೇ.

“ಇಲ್ಲ ಕಣೋ. ನೀನು ಕುಲುಮೆ ನೋಡ್ಕೋ,” ಎಂದೆ.

“ನಾಲ್ಕಕ್ಕೆ ಏನಕ್ಕ ಬರುತ್ತೆ?”

ಫೋನು ಇಟ್ಟೆ. ಅಳು ಬಂತು, ಅಳುವುದಕ್ಕೂ ಹೊತ್ತಿರಲಿಲ್ಲ.

ಮೂರು ಎಂದು ಬರೆದುಕೊಡುವುದು ನ್ಯಾಯ. ನನ್ನ ಕೆಲಸ ಹೋಗುತ್ತದೆ, ಹೋಗಲಿ. ಆದರೆ ಅದೇ ನಿಯಮದ ಮುಂದಿನ ಸಾಲು ನೆನಪಾಯಿತು. ಯಾರ ಪ್ರತಿ ಸೋರಿದೆಯೋ ಅವರ ಸಹಿಗೆ ಆ ಕ್ಷಣದಿಂದ ಬೆಲೆಯಿಲ್ಲ. ಮೂರು ಎಂದು ಬರೆದ ಕೂಡಲೇ ನನ್ನ ಸಹಿ ಸಹಿಯಲ್ಲ, ಕಾಗದ ಕಾಗದವಲ್ಲ. ಮೇಲಿನ ಕಚೇರಿಯಿಂದ ಬೇರೆ ಅಧಿಕಾರಿ ಬಂದು ಬರೆಯಬೇಕು. ಅದಕ್ಕೆ ಕಡಿಮೆಯೆಂದರೂ ಮೂರು ದಿನ. ಕುಲುಮೆಗೆ ಉಳಿದಿದ್ದು ಒಂದು ಗಂಟೆ ಚಿಲ್ಲರೆ. ನನ್ನ ಕೈಯನ್ನು ನಾನೇ ಕಟ್ಟಿಹಾಕಿಕೊಂಡಿದ್ದೆ, ಎರಡು ವರ್ಷ ಮುಂಚೆಯೇ, ಮೆಚ್ಚುಗೆ ಪತ್ರ ತೆಗೆದುಕೊಂಡು.

ಒಂದು ಎಂದು ಬರೆದರೆ ನಿರ್ದೇಶಕರ ಸಹಿಗೂ ಬೆಲೆಯಿರುವುದಿಲ್ಲ, ಅಂಕಿ ತಡೆಯುವವರೇ ಇರುವುದಿಲ್ಲ.

ಉಳಿದಿದ್ದು ಒಂದೇ ಸಂಖ್ಯೆ. ಆ ಕ್ರಮದ ಚೀಟಿ ನೋಡುವ ಅಧಿಕಾರ ನನಗೊಬ್ಬಳಿಗೇ ಇದ್ದದ್ದು. ನಾನು ಬರೆದದ್ದೇ ಸತ್ಯ.

ನಿರ್ದೇಶಕರ ಕೋಣೆಗೆ ಹೋದಾಗ ಮೂರೂ ಐವತ್ತು. ಅವರ ಮುಂದೆ ಎರಡು ಕಾಗದ: ಒಂದು ಪ್ರಕಟಣೆಯದು, ಇನ್ನೊಂದು ಅಮಾನತಿನದು. ನನಗೊಂದು ಖಾಲಿ ನಮೂನೆ ತಳ್ಳಿದರು. ಯಾವ ಪ್ರತಿ ಎಂದು ಕೇಳಿದರು. ನಾನು ಕುರ್ಚಿಗೆ ಕುಸಿದೆ. ನನ್ನ ಮುಖ ನೋಡಿ ಅವರಿಗೇ ಗಾಬರಿಯಾಯಿತೇನೋ, ಮೇಡಂಗೆ ನೀರು ತನ್ನಿ ಎಂದು ಬಾಗಿಲ ಕಡೆ ಕೂಗಿದರು.

ನೀರು ತಂದವನು ಹವಾಮಾನ. ನನ್ನ ಹತ್ತಿರ ಬಗ್ಗಿ, ನಿರ್ದೇಶಕರಿಗೆ ಕೇಳದಷ್ಟು ಮೆಲ್ಲಗೆ, ಗೆರೆಯ ಕಾರಣ ಸಿಕ್ಕಿತೇ ಎಂದು ಕೇಳಿದ. ತಲೆಯಾಡಿಸಿದೆ. ಅವನ ಮುಖ ಬೆಳಗಿತು. ನಾಲ್ಕು ವಾರದಿಂದ ನಾನು ಆ ಮುಖದಲ್ಲಿ ನಗು ನೋಡಿರಲಿಲ್ಲ.

“ಯಾವ ಪ್ರತಿ ಮೇಡಂ?” ನಿರ್ದೇಶಕರು ಮತ್ತೆ ಕೇಳಿದರು. ಮೂರೂ ಐವತ್ತೆರಡು.

ಪೆನ್ನಿನ ಮುಚ್ಚಳ ತೆಗೆದೆ. ಕವಾಟದ ಬಳಿ ಕುರ್ಚಿ ಹಾಕಿಕೊಂಡು ಕೂತ ಇಬ್ಬರು ನನ್ನ ಕಣ್ಣ ಮುಂದೆ ಇದ್ದರು. ಪ್ರತಿಯ ಸಂಖ್ಯೆ ಎಂಬ ಗೆರೆಯ ಮುಂದೆ ‘೨’ ಎಂದು ಬರೆದೆ. ಕೆಳಗೆ ಸಹಿ ಹಾಕಿದೆ.

ಲೋಟ ಇಡಲು ಬಗ್ಗಿದ ಹವಾಮಾನ ನನ್ನ ಭುಜದ ಹಿಂದಿನಿಂದ ಅದನ್ನು ಓದಿದ. ಅವನ ದನಿಯಲ್ಲಿ ಕೋಪವಿರಲಿಲ್ಲ, ಅನುಮಾನವೂ ಇರಲಿಲ್ಲ. ದಣಿದ ಹಿರಿಯರಿಗೆ ನೆನಪಿಸುವ ಹಾಗೆ ಹೇಳಿದ.

“ಮೇಡಂ, ಅಂಕಿ ತಪ್ಪು ಬಿದ್ದಿದೆ. ಅದು ನನ್ನ ಪ್ರತಿ.”